ಕಡಪ ಕಲ್ಲಿನಲ್ಲಿ ತಾವರೆ, ಕೇಪುಳ, ಹಿಂಗಾರ: ಕಲ್ಲಿಗೆ ಕಲ್ಲು ಕೂರಿಸಿದ ಕೆಲಸದ ಟಿಪ್ಪಣಿ

ಕೆಲಸ: ದೇವರ ಕೋಣೆಯ ಗೋಡೆಗೆ ಒಂದೂವರೆ ಅಡಿ ಚೌಕದ ಫಲಕ. ನೆಲಗಲ್ಲು 20 ಮಿ.ಮೀ. ದಪ್ಪದ ಕಪ್ಪು ಕಡಪ. ಅದರೊಳಗೆ ಬಣ್ಣದ ಕಲ್ಲಿನ ಹೂಗಳು. ತೂಕ ಸುಮಾರು 11 ಕಿಲೋ. ಜಾಗ ಕಾಸರಗೋಡಿನ ಬದಿಯಡ್ಕದ ಕಡೆಯ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಮನೆ.

ವಿಧಾನ ಆಗ್ರಾದವರ ಪರ್ಚಿನ್ ಕಾರಿಯದು. ನೆಲಗಲ್ಲಿನಲ್ಲಿ ಗುಂಡಿ ತೋಡಿ, ಕತ್ತರಿಸಿದ ಕಲ್ಲಿನ ಚೂರನ್ನು ಕೂರಿಸಿ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಉಜ್ಜಿ ಒಂದೇ ಮಟ್ಟಕ್ಕೆ ತರುವುದು. ಫ್ಲಾರೆನ್ಸಿನವರು, 1588ರಲ್ಲಿ ಮೆದಿಚಿ ಮನೆತನ ಇದಕ್ಕೆಂದೇ ಕಾರ್ಯಾಗಾರ ತೆರೆದ ಊರಿನವರು, ಚೂರುಗಳನ್ನು ಅಂಚಿಗೆ ಅಂಚು ಕೂಡಿಸಿ ಇಡೀ ಚಿತ್ರವನ್ನೇ ಕಲ್ಲಿನಿಂದ ಕಟ್ಟುತ್ತಾರೆ. ಅದರಲ್ಲಿ ಪ್ರತಿ ಸಂದೂ ಎರಡು ಬಣ್ಣದ ಕಲ್ಲುಗಳ ನಡುವೆ ಬರುವುದರಿಂದ ತಪ್ಪು ಅಡಗುವುದಿಲ್ಲ. ಗುಂಡಿ ತೋಡುವ ವಿಧಾನ, ಅದರಲ್ಲೂ ಕಪ್ಪು ನೆಲದ ಮೇಲೆ, ಅಷ್ಟು ನಿಷ್ಠುರವಲ್ಲ. ಕಾಲು ಮಿ.ಮೀ. ಸಂದು ಬಿಟ್ಟರೂ ಕಪ್ಪು ಅಂಟು ಅದನ್ನು ನುಂಗುತ್ತದೆ. ಬಿಳಿ ಮಾರ್ಬಲಿನ ಮೇಲೆ ಅದೇ ಸಂದು ಪೆನ್ಸಿಲ್ ಗೆರೆಯ ಹಾಗೆ ಎದ್ದು ಕಾಣುತ್ತದೆ. ಈ ಕೆಲಸಕ್ಕೆ ಹೊಸಬರಾದವರು ಕಪ್ಪು ನೆಲದಿಂದಲೇ ಶುರು ಮಾಡುವುದು ಒಳ್ಳೆಯದು.

ಹಂತ 1: ಯಾವ ಹೂ, ಎಲ್ಲಿ

ನಡುವೆ ಎಂಟೆಸಳಿನ ತಾವರೆ, ಅಷ್ಟದಳ. ನಾಲ್ಕು ಮೂಲೆಯಲ್ಲಿ ಕೇಪುಳದ, ಅಂದರೆ ನಾಲ್ಕೆಸಳಿನ ಸಣ್ಣ ಕೆಂಪು ಹೂವಿನ, ಗೊಂಚಲು. ಅಂಚಿನ ಸುತ್ತ ಹಿಂಗಾರ, ಅಂದರೆ ಅಡಕೆಯ ಹೂಗೊಂಚಲು. ಪ್ರತಿ ಬದಿಯ ನಡುವಿಗೆ ಶಿವನಿಗೆ ಪ್ರಿಯವೆನ್ನುವ ತುಂಬೆ. ಗುಲಾಬಿ, ಟ್ಯುಲಿಪ್, ಐರಿಸ್ ಹೂಗಳ ಸಿದ್ಧ ನಕ್ಷೆ ಬೇಕಾದಷ್ಟು ಸಿಗುತ್ತವೆ. ಮೊಘಲರ ಗೋರಿಗಳ ಗೋಡೆಗೆ ಅವು ಸರಿ. ಇಲ್ಲಿ ನಾಗನಿಗೂ ಭೂತಕ್ಕೂ ಏರುವುದು ಹಿಂಗಾರ, ಪೂಜೆಯ ಹರಿವಾಣದಲ್ಲಿ ಕೆಂಪಗೆ ಕಾಣುವುದು ಕೇಪುಳ. ದೇವರ ಕೋಣೆಯ ಗೋಡೆಗೆ ಆ ಮನೆಯವರು ದಿನಾ ಕೊಯ್ಯುವ ಹೂವೇ ಬರಬೇಕು.

ಅಳತೆ: ತಾವರೆಯ ಒಟ್ಟು ಅಡ್ಡಳತೆ 176 ಮಿ.ಮೀ. ನಡುವಿನ ಕರ್ಣಿಕೆ 36, ಎಸಳು 70 ಉದ್ದ, 34 ಅಗಲ. ಎಸಳು ಅತಿ ಅಗಲವಾಗುವ ಜಾಗದಲ್ಲಿ ಪಕ್ಕದ ಎಸಳಿಗೂ ಅದಕ್ಕೂ ನಡುವೆ 5 ಮಿ.ಮೀ. ಕಪ್ಪು ಉಳಿಯುತ್ತದೆ. ಅದಕ್ಕಿಂತ ಕಡಿಮೆ ಬಿಡಬಾರದು. ಕಾರಣ ಹಂತ 5ರಲ್ಲಿದೆ. ಒಟ್ಟು ಚೂರುಗಳು 257: ತಾವರೆಗೆ 17, ಕೇಪುಳಕ್ಕೆ 112, ಹಿಂಗಾರದ ಮಣಿ 72, ದಂಟು 32, ತುಂಬೆ 12, ಎಲೆ 12.

ನಕ್ಷೆಯ ಎರಡು ಪ್ರತಿ ಬೇಕು, ಒಂದು ಕತ್ತರಿಸಿ ಕಲ್ಲಿಗೆ ಅಂಟಿಸಲು, ಇನ್ನೊಂದು ಗೋಡೆಯಲ್ಲಿ ನೋಡಿಕೊಳ್ಳಲು. ಎರಡರಲ್ಲೂ ಪ್ರತಿ ಚೂರಿಗೆ ಒಂದೇ ನಂಬರು. ಪ್ರಿಂಟ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸುವ ಆಯ್ಕೆ ಬಿದ್ದಿದ್ದರೆ ನಕ್ಷೆ ಒಂದಿಷ್ಟು ಕುಗ್ಗಿ ಬರುತ್ತದೆ. ಆದ್ದರಿಂದ ನಕ್ಷೆಯ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಎಳೆದಿಟ್ಟು, ಅಂಗಡಿಯಲ್ಲೇ ಸ್ಕೇಲಿಟ್ಟು ನೋಡಬೇಕು.

ಹಂತ 2: ಕಲ್ಲಿನ ಆಯ್ಕೆ

ಕಲ್ಲು ಆರಿಸುವಾಗ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಗಟ್ಟಿತನ. ಕಡಪ ಸುಣ್ಣಕಲ್ಲು, ಮಾರ್ಬಲಿನಂತೆಯೇ ಕಬ್ಬಿಣದ ಮೊಳೆಗೆ ಗೀರಿಕೊಳ್ಳುತ್ತದೆ. ಗಟ್ಟಿತನದ ಮೋಸ್ ಅಳತೆಯಲ್ಲಿ ಇವು 3ರಿಂದ 4ರ ಒಳಗೆ. ಜಾಸ್ಪರ್, ಅಗೇಟ್, ಕಾರ್ನೀಲಿಯನ್ ಎಲ್ಲ ಬೆಣಚುಕಲ್ಲಿನ ಜಾತಿ, 6.5ರಿಂದ 7. ಮೊಳೆ ಅವುಗಳ ಮೇಲೆ ಜಾರಿಹೋಗುತ್ತದೆ. ಎರಡನ್ನೂ ಒಂದೇ ಫಲಕದಲ್ಲಿ ಕೂರಿಸಬಹುದು, ಆಗ್ರಾದಲ್ಲಿ ಕೂರಿಸಿಯೇ ಇದ್ದಾರೆ. ಆದರೆ ಯಾವ ಚೂರು ಯಾವ ಗುಂಪಿನದು ಎಂದು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಕೊನೆಯ ಉಜ್ಜುವಿಕೆಯಲ್ಲಿ ಎಲ್ಲ ಹಾಳಾಗುತ್ತದೆ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಮೂರು. ಮೊಳೆಯಿಂದ ಹಿಂಬದಿಯಲ್ಲಿ ಒಂದು ಗೀರು. ಒಂದು ಹನಿ ವಿನೆಗರ್: ಸುಣ್ಣದ ಜಾತಿಯಾದರೆ ಸಣ್ಣ ಗುಳ್ಳೆ ಬರುತ್ತದೆ. ಬಣ್ಣ ಹಾಕಿದ ಕಲ್ಲೆಂದು ಅನುಮಾನವಿದ್ದರೆ ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜುವುದು. ನೀಲಿ ಲಾಪಿಸ್ ಎಂದು ಮಾರುವ ಅಗ್ಗದ ಮಣಿಗಳಲ್ಲಿ ಬಣ್ಣ ಹಾಕಿದ ಬಿಳಿ ಹೌಲೈಟ್ ಬಹಳ. ಹತ್ತಿ ನೀಲಿಯಾದರೆ ಬಿಟ್ಟು ಬನ್ನಿ. ಕಲ್ಲು ಪಾಲಿಷ್ ಆದ ಮೇಲೆ ಹೇಗೆ ಕಾಣುತ್ತದೆಂದು ತಿಳಿಯಲು ನೀರಿನಿಂದ ಒದ್ದೆ ಮಾಡಿ ನೋಡಿದರೆ ಸಾಕು.

ತಾವರೆಗೆ ಮಕ್ರಾನಾ ಬಿಳಿ ಮತ್ತು ರಾಜಸ್ಥಾನದ ತಿಳಿಗುಲಾಬಿ ಮಾರ್ಬಲ್. ಎರಡೂ ಹೆದ್ದಾರಿ ಬದಿಯ ಮಾರ್ಬಲ್ ಅಂಗಡಿಗಳ ಹಿಂದೆ ರಾಶಿ ಬಿದ್ದಿರುವ ತುಂಡುಗಳಲ್ಲೇ ಸಿಕ್ಕವು. ಹಿಂಗಾರಕ್ಕೆ ಜೈಸಲ್ಮೇರಿನ ಹಳದಿ ಸುಣ್ಣಕಲ್ಲು. ಒದ್ದೆಯಾದಾಗ ಅದರ ಬಣ್ಣ, ಆಗಷ್ಟೇ ಹಾಳೆ ಬಿಡಿಸಿದ ಹಿಂಗಾರಕ್ಕಿಂತ ಒಂದು ಛಾಯೆ ಗಾಢ. ಆದರೂ ಅದಕ್ಕಿಂತ ಹತ್ತಿರದ ಕಲ್ಲು ಸಿಗಲಿಲ್ಲ.

ಕೇಪುಳದ ಕೆಂಪಿಗೆ ಮೊದಲು ಇಟ್ಟು ನೋಡಿದ್ದು ಕಾರ್ನೀಲಿಯನ್. ಗುಜರಾತಿನ ಖಂಭಾತದ ಕೆಲಸದವರಿಂದ ಬರುವ ಕಲ್ಲು, ಕೈಯಲ್ಲಿ ಹಿಡಿದರೆ ಕೆಂಡದ ಬಣ್ಣ. ಕಡಪದ ಮೇಲಿಟ್ಟ ಕೂಡಲೇ ಕಂದು. ಕಾರಣ ಸರಳ, ಅದು ಅರೆಪಾರದರ್ಶಕ. ತಾಜಮಹಲಿನಲ್ಲಿ ಅದು ಹೊಳೆಯುವುದು ಹಿಂದೆ ಬಿಳಿ ಮಾರ್ಬಲ್ ಇರುವುದರಿಂದ. ಕಪ್ಪು ನೆಲಕ್ಕೆ ಬೆಳಕು ದಾಟದ ಕಲ್ಲೇ ಬೇಕು. ಕೆಂಪು ಜಾಸ್ಪರ್ ಆಯ್ಕೆಯಾಯಿತು. ಹೊಳಪು ಕಡಿಮೆ, ಬಣ್ಣ ಇಟ್ಟಿಗೆಯತ್ತ ವಾಲುತ್ತದೆ, ಆದರೆ ನಾಲ್ಕಡಿ ದೂರದಿಂದಲೂ ಕೆಂಪು ಕೆಂಪೇ.

ಎಲೆಗೆ ರಾಜಸ್ಥಾನದ ಹಸಿರು ಮಾರ್ಬಲ್. ಹೆಸರಿಗೆ ಮಾರ್ಬಲ್, ನಿಜಕ್ಕೆ ಸರ್ಪೆಂಟೈನ್ ಕಲ್ಲು. ಇದಕ್ಕೆ ಎರಡು ಎಚ್ಚರಿಕೆ. ಸಿಮೆಂಟಿನಂಥ ನೀರಿನ ಅಂಶದ ಅಂಟು ತಗುಲಿದರೆ ತೆಳು ಚೂರು ಸೊಟ್ಟಗಾಗುತ್ತದೆ, ಹಾಗಾಗಿ ನೀರಿಲ್ಲದ ಎಪಾಕ್ಸಿ ಅಂಟೇ ಗತಿ. ಸರ್ಪೆಂಟೈನಿನಲ್ಲಿ ಕಲ್ನಾರು ಇರುವ ಸಂಭವ ಇರುವುದರಿಂದ ಒಣಗಿಸಿ ಕತ್ತರಿಸಲೇಬಾರದು.

ಗಾಢ ಹಸಿರಿನ ಮೊದಲ ಎಲೆ ಕಪ್ಪು ನೆಲದಲ್ಲಿ ಪೂರ್ತಿ ಮುಳುಗಿಹೋಯಿತು. ಹತ್ತಿರದಿಂದ ಎಲೆ, ಬಾಗಿಲಿನಿಂದ ಏನೂ ಇಲ್ಲ. ಸುತ್ತ ಬಿಳಿ ಗೆರೆ ಕೂರಿಸುವುದು ಒಂದು ದಾರಿ, ಆದರೆ ಒಂದು ಮಿ.ಮೀ. ಅಗಲದ ಮಾರ್ಬಲ್ ಗೆರೆ ಬಳುಕಿಸಿದರೆ ತುಂಡಾಗುತ್ತದೆ. ಫಲ ಕೊಟ್ಟದ್ದು ಇನ್ನೊಂದು ದಾರಿ. ಇದೇ ಕಲ್ಲಿನಲ್ಲಿ ಬಿಳಿ ನರ ಹಾಯ್ದ ತುಂಡುಗಳಿರುತ್ತವೆ. ಪಾಲಿಷ್ ಅಂಗಡಿಯವರು ಅದನ್ನು ದೋಷವೆಂದು ಬದಿಗಿಡುತ್ತಾರೆ. ನಕ್ಷೆಯ ಕಾಗದದಲ್ಲಿ ಎಲೆಯ ಆಕಾರಕ್ಕೆ ಕಿಂಡಿ ಕತ್ತರಿಸಿ, ಆ ಕಿಂಡಿಯನ್ನು ಒದ್ದೆ ಕಲ್ಲಿನ ಮೇಲೆ ಅತ್ತಿತ್ತ ಜಾರಿಸುತ್ತ ಹೋದರೆ ಒಂದು ಜಾಗದಲ್ಲಿ ಬಿಳಿ ನರ ಸರಿಯಾಗಿ ಎಲೆಯ ನಡುನರದ ಜಾಗಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ ಕತ್ತರಿಸಿದರೆ ಎಲೆಗೆ ನರವೂ ಬಂತು, ಕಪ್ಪಿನಿಂದ ಬೇರ್ಪಟ್ಟೂ ಕಂಡಿತು. ಹನ್ನೆರಡು ಎಲೆಗೂ ಹೀಗೇ ಹುಡುಕಿದ್ದು. ಇಡೀ ಫಲಕದಲ್ಲಿ ಕಲ್ಲೇ ಚಿತ್ರ ಬರೆದುಕೊಟ್ಟ ಭಾಗವೆಂದರೆ ಇದು.

ತಾವರೆಯ ಎಸಳಿಗೂ ಇದೇ ಕಿಂಡಿಯ ಉಪಾಯ. ಪ್ರತಿ ಎಸಳು ಎರಡು ಚೂರು, ಬುಡ ಬಿಳಿ, ತುದಿ ಗುಲಾಬಿ. ಗುಲಾಬಿ ಮಾರ್ಬಲಿನಲ್ಲಿ ಬಣ್ಣ ಎಲ್ಲ ಕಡೆ ಒಂದೇ ಅಲ್ಲ; ತಿಳಿಯಾಗುತ್ತ ಹೋಗುವ ಬದಿಯನ್ನು ಬಿಳಿಯ ಕಡೆಗೆ ತಿರುಗಿಸಿದರೆ ಸಂದು ಮರೆಯಾಗುತ್ತದೆ.

ಹಂತ 3: ಹಲ್ಲೆ ಸೀಳುವುದು

ಹಿಂಗಾರದ ಮಣಿಯದ್ದು ಬಿಟ್ಟು ಎಲ್ಲ ಕಲ್ಲೂ 3 ಮಿ.ಮೀ. ದಪ್ಪದ ಹಲ್ಲೆ, ಅಂದರೆ ತೆಳು ಹಾಳೆ; ಮೇಸ್ತ್ರಿಗಳ ಲೆಕ್ಕದಲ್ಲಿ ಒಂದು ನೂಲು. ನೀರು ಹಾಯುವ ಟೈಲ್ ಕಟ್ಟರ್, ಹಲ್ಲಿಲ್ಲದ ಅಂಚಿನ ಡೈಮಂಡ್ ಬ್ಲೇಡ್. ಹಲ್ಲಿರುವ ಬ್ಲೇಡ್ ಮಾರ್ಬಲಿನ ಅಂಚನ್ನು ಚೂರುಚೂರು ಮಾಡುತ್ತದೆ. 2 ಮಿ.ಮೀ.ಗೆ ಸೀಳಲು ನೋಡಿದಾಗ ಮಾರ್ಬಲ್ ನರದ ಜಾಗದಲ್ಲೇ ಎರಡಾಯಿತು. 4 ಮಿ.ಮೀ. ಆದರೆ ಗುಂಡಿ ತೋಡುವ ಕೆಲಸ ಸುಮ್ಮನೆ ಹೆಚ್ಚಾಗುತ್ತದೆ.

ಕರೆಂಟಿನ ಯಂತ್ರ, ಕೆಳಗೆ ನೀರು. ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಆರ್‌ಸಿಸಿಬಿ ಇರುವ ಲೈನಿನಿಂದ ಮಾತ್ರ ಕರೆಂಟು ತೆಗೆದುಕೊಳ್ಳಿ. ಜಾಸ್ಪರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್, ಬಂದ ಮೇಲೆ ಹೋಗದ ರೋಗ. ನೀರು ಇದ್ದರೂ ಎನ್95 ಮಾಸ್ಕ್ ಬೇಕು. ನೆಲದ ಕೆಸರು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ತೆಗೆಯಬೇಕು, ಒಣಗಿದ ಮೇಲೆ ಗುಡಿಸಿದರೆ ಅದೇ ಧೂಳು ಮೇಲೇಳುತ್ತದೆ.

ಹಂತ 4: ಚೂರಿಗೆ ಆಕಾರ

ನಕ್ಷೆಯ ಕಾಗದ ನೀರಿಗೆ ಎದ್ದು ಹೋಗುತ್ತದೆ. ಕಾಗದ ಅಂಟಿಸಿ ಮೇಲೆ ಅಗಲದ ಸೆಲೋಟೇಪ್ ಹಚ್ಚಿದರೆ ಕೊನೆಯವರೆಗೆ ನಿಂತಿತು. ದೊಡ್ಡ ಆಕಾರವನ್ನು ಕಟ್ಟರಿನಲ್ಲಿ ನೇರ ಗೆರೆಗಳಲ್ಲಿ ಒರಟಾಗಿ ತೆಗೆದು, ಬಾಗನ್ನು ಗ್ರೈಂಡಿಂಗ್ ಚಕ್ರದಲ್ಲಿ ತಂದು, ಕೊನೆಗೆ ಡೈಮಂಡ್ ಅರದಲ್ಲಿ ತಿದ್ದುವುದು. ಆಗ್ರಾದ ಕೆಲಸದವರು ಬಿಲ್ಲಿನಿಂದ ತಿರುಗಿಸುವ ಕೈಚಕ್ರದಲ್ಲೇ ಇದನ್ನು ಮಾಡುತ್ತಾರೆ. ನಿಧಾನ, ಆದರೆ ಕಲ್ಲು ಬಿಸಿಯಾಗದು, ತುದಿ ಹಾರದು.

ಚಿಕ್ಕ ಚೂರನ್ನು ಬೆರಳಲ್ಲಿ ಹಿಡಿದರೆ ಉಗುರೂ ಸವೆಯುತ್ತದೆ, ಆಕಾರವೂ ಕೆಡುತ್ತದೆ. ಬಿದಿರಿನ ಕಡ್ಡಿಯ ತುದಿಗೆ ಅರಗು ಕಾಯಿಸಿ, ಅದರ ಮೇಲೆ ಚೂರನ್ನು ಒತ್ತಿ ಹಿಡಿಯುವುದೇ ಸರಿಯಾದ ಕ್ರಮ. ಕೆಲಸ ಮುಗಿದ ಮೇಲೆ ಚೂರನ್ನು ಬಿಡಿಸಲು ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಅರಗು ಪಟ್ಟೆಂದು ಬಿಡುತ್ತದೆ. ಕಾಯಿಸಿ ತೆಗೆದರೆ ಬಿಳಿ ಕಲ್ಲಿಗೆ ಕಲೆ ಹಿಡಿಯುತ್ತದೆ.

ಅಂಚು ನೆಟ್ಟಗೆ ಇಳಿಯಬಾರದು, ಬುಡದಲ್ಲಿ ಒಂದಿಷ್ಟು ಕಿರಿದಾಗಬೇಕು, 5 ಡಿಗ್ರಿಯಷ್ಟು. ಆಗ ಚೂರು ಗುಂಡಿಗೆ ಸಲೀಸಾಗಿ ಇಳಿಯುತ್ತದೆ. ಹೆಚ್ಚು ಓರೆ ಮಾಡಿದರೆ ಮೇಲಿನಿಂದ ಉಜ್ಜುತ್ತ ಹೋದಂತೆ ಚೂರು ಕಿರಿದಾಗಿ ಸಂದು ಅಗಲವಾಗುತ್ತದೆ. 5 ಡಿಗ್ರಿಗೆ ಅರ್ಧ ಮಿ.ಮೀ. ಉಜ್ಜಿದರೆ ಪ್ರತಿ ಬದಿಗೆ 0.04 ಮಿ.ಮೀ. ಸಂದು. 15 ಡಿಗ್ರಿಗೆ 0.13. ಮೊದಲನೆಯದು ಕಣ್ಣಿಗೆ ಬೀಳದು, ಎರಡನೆಯದು ಬೀಳುತ್ತದೆ.

ಕೇಪುಳದ ಎಸಳು: ಕೇಪುಳದ ಪ್ರತಿ ಹೂವಿಗೆ ನಾಲ್ಕೇ ಎಸಳು, ಚೂಪು ತುದಿ. ಇದು ಕಲ್ಲಿನ ಕೆಲಸಕ್ಕೆ ಹೇಳಿ ಮಾಡಿಸಿದ ಹೂ. 112 ಎಸಳನ್ನು ಒಂದೊಂದಾಗಿ ಅರದಲ್ಲಿ ತೀಡುವ ಅಗತ್ಯವೇ ಇಲ್ಲ. ಜಾಸ್ಪರ್ ಹಲ್ಲೆಯಿಂದ 3.5 ಮಿ.ಮೀ. ಅಗಲದ ಪಟ್ಟಿ ಸೀಳಿ, ಆ ಪಟ್ಟಿಯನ್ನು 60 ಡಿಗ್ರಿ ಓರೆಯಲ್ಲಿ, ಅಂಚಿನುದ್ದಕ್ಕೆ 4 ಮಿ.ಮೀ.ಗೊಂದರಂತೆ ಕತ್ತರಿಸಿದರೆ ಪ್ರತಿಯೊಂದೂ ನಾಲ್ಕು ಬದಿ ಸಮನಾದ ವಜ್ರದಾಕಾರ. ಉದ್ದ 7, ಅಗಲ 4 ಮಿ.ಮೀ. ಚೂಪು ತುದಿ ನಾಲ್ಕನ್ನೂ ನಡುವಿಗೆ ತಂದರೆ 14 ಮಿ.ಮೀ. ಹೂ, ಎಸಳೆಸಳಿನ ನಡುವೆ 30 ಡಿಗ್ರಿ ಕಪ್ಪು ಉಳಿಯುತ್ತದೆ. ನಡುವೆ ಒಂದು, ಸುತ್ತ ಆರು, ಕೇಂದ್ರದಿಂದ ಕೇಂದ್ರಕ್ಕೆ 16 ಮಿ.ಮೀ. ಒಂದು ಗೊಂಚಲು ಮುಗಿಯಿತು.

ಬ್ಲೇಡ್ ತಿನ್ನುವ ಕಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಮಿ.ಮೀ. ಬ್ಲೇಡ್ ಓರೆಯಲ್ಲಿ ಹಾಯುವಾಗ ಪಟ್ಟಿಯ ಅಂಚಿನಲ್ಲಿ 1.15 ಮಿ.ಮೀ. ತಿನ್ನುತ್ತದೆ. ಹಾಗಾಗಿ ಪಟ್ಟಿಯನ್ನು ಆನಿಸುವ ತಡೆಯನ್ನು ಪ್ರತಿಸಲ 5.15 ಮಿ.ಮೀ. ಸರಿಸುವುದು. ಮೊದಲ ಪಟ್ಟಿಯಲ್ಲಿ ಮೂರರಲ್ಲೊಂದರ ತುದಿ ಹಾರಿತು. ಬ್ಲೇಡ್ ಕೆಳಗೆ ಹೊರಬರುವ ಕ್ಷಣದಲ್ಲಿ ಆಸರೆಯಿಲ್ಲದ ತುದಿ ಮುರಿಯುತ್ತಿತ್ತು. ಪಟ್ಟಿಯನ್ನು ಹಳೆಯ ಟೈಲಿಗೆ ಅರಗಿನಿಂದ ಅಂಟಿಸಿ, ಟೈಲನ್ನೂ ಸೇರಿಸಿ ಕತ್ತರಿಸಿದಾಗ ನಷ್ಟ ಬಹುತೇಕ ನಿಂತಿತು.

ಹಿಂಗಾರದ ಮಣಿ: ಹಳದಿ ಕಲ್ಲಿನಿಂದ 7 ಮಿ.ಮೀ. ಚೌಕದ, 40 ಮಿ.ಮೀ. ಉದ್ದದ ಕಡ್ಡಿ ಸೀಳಿ, ಡ್ರಿಲ್ಲಿಗೆ ಸಿಕ್ಕಿಸಿ ನಿಧಾನ ವೇಗದಲ್ಲಿ ತಿರುಗಿಸುತ್ತ ಡೈಮಂಡ್ ಅರಕ್ಕೆ ಹಿಡಿದರೆ ಉರುಟಾಗುತ್ತದೆ. 5.8 ಮಿ.ಮೀ.ಗೆ ಬಂದಾಗ ನಿಲ್ಲಿಸಿ ಬಿಲ್ಲೆಗಳಾಗಿ ಕತ್ತರಿಸುವುದು. ಗುಂಡಿ 6 ಮಿ.ಮೀ. ಡೈಮಂಡ್ ಬಿಟ್ಟಿನದು. ಬೇರೆ ಎಲ್ಲ ಚೂರಿಗೆ ಮೊದಲು ಚೂರು, ಆಮೇಲೆ ಅದರ ಅಳತೆಗೆ ಗುಂಡಿ. ಮಣಿಗೆ ಮಾತ್ರ ಉಲ್ಟಾ. ಹಿಂಗಾರದ ದಂಟು 1.5 ಮಿ.ಮೀ. ಅಗಲ. ಉದ್ದಕ್ಕೆ ಒಂದೇ ಪಟ್ಟಿ ನಿಲ್ಲುವುದಿಲ್ಲ, 12ರಿಂದ 15 ಮಿ.ಮೀ. ತುಂಡುಗಳಲ್ಲಿ ಹಾಕಿ, ಕೂಡುವ ಜಾಗವನ್ನು ಮಣಿಯ ಅಡಿಗೆ ಬರುವಂತೆ ಇಟ್ಟರೆ ಕಾಣುವುದಿಲ್ಲ.

ಹಂತ 5: ಗುಂಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದು.

ಚೂರನ್ನು ಅದರ ಜಾಗದಲ್ಲಿಟ್ಟು ಎರಡು ಹನಿ ಫೆವಿಕಾಲ್ ಹಾಕಿ ಹಿಡಿಸಿ, ಸುತ್ತ ಕಾರ್ಬೈಡ್ ಸೂಜಿಯಿಂದ ಗೀರುವುದು. ಆಗ್ರಾದಲ್ಲಿ ಬಿಳಿ ಕಲ್ಲಿಗೆ ಮೊದಲು ಕೆಂಪು ಬಣ್ಣ ಬಳಿಯುತ್ತಾರೆ, ಗೀರು ಕಾಣಲೆಂದು. ಕಡಪಕ್ಕೆ ಅದು ಬೇಡ, ಗೀರಿದಲ್ಲಿ ತಾನಾಗಿ ಬೂದಿಬಿಳಿ ಗೆರೆ ಬೀಳುತ್ತದೆ. ಎಡಗೈಯಲ್ಲಿ ಗೀರುವವರು ಬಲಗೈಯವರು ಗೀರಿದ ಗೆರೆಯ ಮೇಲೆ ತೋಡಬಾರದು. ಸೂಜಿ ವಾಲುವ ದಿಕ್ಕು ಬೇರೆಯಾಗಿ ಕಾಲು ಮಿ.ಮೀ. ವ್ಯತ್ಯಾಸ ಬರುತ್ತದೆ. ಗೀರಿದವರೇ ತೋಡಬೇಕು. ಗುಂಡಿಯ ತಳದಲ್ಲಿ ಪೆನ್ಸಿಲಿನಿಂದ ಚೂರಿನ ನಂಬರು ಬರೆಯಿರಿ. ತಾವರೆಯ ಎಂಟು ಎಸಳು ನೋಡಲು ಒಂದೇ, ಕೂರುವಾಗ ಒಂದು ಇನ್ನೊಂದರ ಮನೆಗೆ ಹೋಗುವುದಿಲ್ಲ.

ಕಡಪ ಪದರ ಪದರವಾಗಿರುವ ಕಲ್ಲು. ಉಳಿಯನ್ನು ಗೆರೆಯ ಹೊರಕ್ಕೆ ವಾಲಿಸಿ ಹೊಡೆದರೆ ಅಂಚಿನಾಚೆಯ ಪದರ ನಾಣ್ಯದಷ್ಟು ಅಗಲಕ್ಕೆ ಎದ್ದುಬರುತ್ತದೆ. ಒಂದು ಎಲೆಯ ಪಕ್ಕ ಹಾಗೆ ಎದ್ದ ಜಾಗಕ್ಕೆ ಎಲೆಯನ್ನೇ ದೊಡ್ಡದು ಮಾಡಿ ಕೂರಿಸಬೇಕಾಯಿತು. ಸರಿಯಾದ ಕ್ರಮ: ಮೊದಲು ರೋಟರಿ ಟೂಲಿನಲ್ಲಿ 1 ಮಿ.ಮೀ. ಡೈಮಂಡ್ ಬರ್, ಅಂದರೆ ತಿರುಗುತ್ತ ಕೊರೆಯುವ ತುದಿ, ಹಾಕಿ ಗೆರೆಯ ಒಳಬದಿಗೆ ಸುತ್ತಲೂ ಸಣ್ಣ ಕಾಲುವೆ ತೆಗೆಯುವುದು, ಹನಿ ಹನಿ ನೀರು ಬಿಡುತ್ತ. ಆ ಕಾಲುವೆ ಪದರದ ಬಿರುಕನ್ನು ತಡೆಯುತ್ತದೆ. ನಡುವಿನ ಕಲ್ಲನ್ನು ಆಮೇಲೆ 3 ಮಿ.ಮೀ. ಕಾರ್ಬೈಡ್ ಉಳಿ, 200 ಗ್ರಾಂ ಸುತ್ತಿಗೆಯಿಂದ ಒಳಮುಖವಾಗಿ ತೆಗೆಯಬಹುದು. ಎಸಳುಗಳ ನಡುವೆ 5 ಮಿ.ಮೀ. ಕಪ್ಪು ಬಿಟ್ಟದ್ದು ಇದಕ್ಕೇ. 3 ಮಿ.ಮೀ. ಗೋಡೆ ಉಳಿಯ ಪೆಟ್ಟಿಗೆ ನಿಲ್ಲುವುದಿಲ್ಲ.

ಹಾಗಿದ್ದರೆ ಕೇಪುಳ? ಅಲ್ಲಿ ಎಸಳೆಸಳಿನ ನಡುವಿನ ಕಪ್ಪು ನಡುವಿಗೆ ಬರುತ್ತ ಸೊನ್ನೆಯಾಗುತ್ತದೆ. ನಾಲ್ಕು ಎಸಳಿಗೆ ನಾಲ್ಕು ಗುಂಡಿ ಎಂದು ಹೊರಟಾಗ ಆ ಗೋಡೆಗಳು ಪುಡಿಯಾಗಿ ಹೂವಿನ ನಡುವೆ ಆಕಾರವಿಲ್ಲದ ಹಳ್ಳ ಬಿತ್ತು. ಬದಲಿಗೆ ಮಾಡಿದ್ದು ಇದು: ನಾಲ್ಕು ಎಸಳನ್ನು ಸೆಲೋಟೇಪಿನ ಮೇಲೆ ಮುಖ ಕೆಳಗಾಗಿ ಜೋಡಿಸಿ, ನಡುವೆ ಒಂದು ತೊಟ್ಟು ಎಪಾಕ್ಸಿ ಹಾಕಿ ಒಂದೇ ಹೂ ಮಾಡಿಕೊಳ್ಳುವುದು. ಆ ಇಡೀ ಹೂವಿನ ಸುತ್ತ ಗೀರುವುದು. ನಡುವಿನ 4 ಮಿ.ಮೀ. ವೃತ್ತವನ್ನು ಪೂರ್ತಿ ತೆಗೆದು, ಅಲ್ಲಿಂದ ನಾಲ್ಕು ತೋಳು ಹೊರಡುವಂತೆ ಒಂದೇ ಗುಂಡಿ ತೋಡುವುದು, ಅದೂ ಉಳಿ ಮುಟ್ಟದೆ, ಬರಿಯ ಬರ್‌ನಿಂದ. ನಡುವಿನ ಖಾಲಿಯನ್ನು ಕಪ್ಪು ಎಪಾಕ್ಸಿ ತುಂಬುತ್ತದೆ. ಪಾಲಿಷ್ ಆದ ಮೇಲೆ ಅದು ಕಲ್ಲೋ ಅಂಟೋ ಎಂದು ತಿಳಿಯಲು ಭೂತಗನ್ನಡಿ ಬೇಕು.

ಗುಂಡಿಯ ಆಳ ಚೂರಿನ ಗಟ್ಟಿತನವನ್ನು ನೋಡಿ ನಿರ್ಧಾರವಾಗಬೇಕು. ಈ ಟಿಪ್ಪಣಿಯಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದು. ಮಾರ್ಬಲ್, ಹಳದಿ, ಹಸಿರು ಕಲ್ಲಿಗೆ 2.5 ಮಿ.ಮೀ., ಅಂದರೆ ಚೂರು ಅರ್ಧ ಮಿ.ಮೀ. ಮೇಲೆ ನಿಲ್ಲುತ್ತದೆ. ಅದು ನೆಲಗಲ್ಲಿನಷ್ಟೇ ವೇಗದಲ್ಲಿ ಸವೆಯುವುದರಿಂದ ತೊಂದರೆಯಿಲ್ಲ. ಜಾಸ್ಪರಿಗೆ 2.9, ಒಂದು ಕೂದಲೆಳೆಯಷ್ಟು ಮಾತ್ರ ಮೇಲೆ. ಜಾಸ್ಪರನ್ನೂ ಅರ್ಧ ಮಿ.ಮೀ. ಎತ್ತರಿಸಿ ಪರೀಕ್ಷೆಯ ತುಂಡೊಂದರಲ್ಲಿ ಕೂರಿಸಿ ಉಜ್ಜಿದಾಗ, ಹೂ ಮಟ್ಟಕ್ಕೆ ಬರುವಷ್ಟರಲ್ಲಿ ಸುತ್ತಲಿನ ಕಡಪ ತಟ್ಟೆಯಂತೆ ತಗ್ಗಾಗಿತ್ತು. ದೀಪದ ಬೆಳಕು ಓರೆಯಾಗಿ ಬಿದ್ದಾಗ ಆ ತಗ್ಗು ನೆರಳಾಗಿ ಕಾಣುತ್ತದೆ, ಮುಚ್ಚಲು ದಾರಿಯಿಲ್ಲ. ಆಳ ನೋಡಲು ಮರದ ತುಂಡಿಗೆ ಸ್ಕ್ರೂ ತೂರಿಸಿ, ಅದರ ತುದಿಯನ್ನು 2.5ಕ್ಕೆ ಹೊರಚಾಚಿ ಇಟ್ಟುಕೊಂಡರೆ ಸಾಕು. 2.9ಕ್ಕೆ ಇನ್ನೊಂದು.

ಹಂತ 6: ಅಂಟು

ಹಳೆಯ ಕೆಲಸದವರ ಅಂಟುಗಳು ಅವರವರ ಮನೆಯ ಗುಟ್ಟು. ನಮ್ಮ ಕಡೆಯಲ್ಲೂ ಪಾಕದ ಪರಂಪರೆ ದೊಡ್ಡದೇ: ಕುಂಬಳೆ ಹತ್ತಿರದ ಅನಂತಪುರ ಸರೋವರ ಕ್ಷೇತ್ರದ ಮೂಲ ಮೂರ್ತಿಗಳು ಕಲ್ಲೂ ಅಲ್ಲ, ಲೋಹವೂ ಅಲ್ಲ, ರಾಳ, ಮೂಲಿಕೆ ಮುಂತಾದವನ್ನು ಕೂಡಿಸಿ ಮಾಡುವ ಕಡುಶರ್ಕರ ಪಾಕದವು. ಆದರೆ ಆ ಪಾಕ ಬಲ್ಲವರ ಕೈಯಿಂದಲೇ ಆಗಬೇಕು. ಈ ಫಲಕಕ್ಕೆ ಬಳಸಿದ್ದು ನಿಧಾನವಾಗಿ ಗಟ್ಟಿಯಾಗುವ, ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ. ಐದು ನಿಮಿಷದ ಎಪಾಕ್ಸಿ ಉಜ್ಜುವ ಬಿಸಿಗೆ ಮೆತ್ತಗಾಗಿ ಚೂರು ಅಲುಗಿತು.

ಬಣ್ಣಕ್ಕೆ ನೆಲಕ್ಕೆ ಹಾಕುವ ಬ್ಲಾಕ್ ಆಕ್ಸೈಡ್, ಜೊತೆಗೆ ಕಡಪದ್ದೇ ಒಣ ಪುಡಿ. ಎಪಾಕ್ಸಿಯ ತೂಕದ ಹತ್ತರಲ್ಲೊಂದು ಪಾಲು ಆಕ್ಸೈಡ್ ಮೀರಿದರೆ ಅಂಟು ಪುಡಿಪುಡಿ. ಆದರೆ ಬಿಳಿ ಎಸಳಿನ ಕೆಳಗೆ ಕಪ್ಪು ಅಂಟು ಹಾಕುವಂತಿಲ್ಲ. 3 ಮಿ.ಮೀ. ಮಾರ್ಬಲಿನಲ್ಲಿ ಬೆಳಕು ದಾಟುತ್ತದೆ. ಕಪ್ಪು ಹಾಕಿದ ಎಸಳು ಬಾಡಿದ ಹೂವಿನ ಬೂದಿ ಬಣ್ಣಕ್ಕೆ ತಿರುಗಿತು. ಕಿತ್ತು ತೆಗೆಯಲು ಹೀಟ್ ಗನ್ ಬೇಕಾಯಿತು, ಎಸಳು ಎರಡಾಯಿತು. ಬಿಳಿ, ಗುಲಾಬಿ, ಹಳದಿ ಚೂರುಗಳ ತಳಕ್ಕೆ ಮಾರ್ಬಲ್ ಪುಡಿ ಮತ್ತು ಬಿಳಿ ಟೈಟಾನಿಯಂ ಆಕ್ಸೈಡ್ ಪುಡಿ ಬೆರೆಸಿದ ಎಪಾಕ್ಸಿ ಹಾಕಿ, ಗುಂಡಿಯ ಅಂಚಿನಿಂದ ಎರಡು ಮಿ.ಮೀ. ಒಳಗೇ ನಿಲ್ಲಿಸಿ, ಅದು ಬಿಗಿದ ಮೇಲೆ ಸಂದಿಗೆ ಮಾತ್ರ ಕಪ್ಪು ಎಪಾಕ್ಸಿಯನ್ನು ಟೂತ್‌ಪಿಕ್‌ನಿಂದ ತುಂಬುವುದು. ಕರ್ಣಿಕೆಯಲ್ಲಿ ಬೀಜದ ಏಳು ತೂತುಗಳನ್ನು 3 ಮಿ.ಮೀ. ಬಿಟ್ಟಿನಲ್ಲಿ ಕೊರೆದು ಅವನ್ನೂ ಇದೇ ಹೊತ್ತಿಗೆ ಕಪ್ಪಿನಿಂದ ತುಂಬಲಾಯಿತು.

ಮಳೆಗಾಲದ ಆಟಿ, ಸೋಣ ತಿಂಗಳಲ್ಲಿ ಈ ಹಂತ ಇಟ್ಟುಕೊಳ್ಳಬೇಡಿ. ಗಾಳಿಯ ತೇವಕ್ಕೆ ಎಪಾಕ್ಸಿಯ ಮೇಲೆ ಜಿಗುಟು ಪದರ ಕೂರುತ್ತದೆ, ಕಲ್ಲೊಳಗಿನ ನೀರು ಹಿಡಿತ ಕೆಡಿಸುತ್ತದೆ. ಒಣ ಕಾಲದಲ್ಲೂ ಗುಂಡಿ ತೊಳೆದ ಮೇಲೆ ಒಂದು ಇಡೀ ದಿನ ಬಿಸಿಲಲ್ಲಿ ಇಟ್ಟು, ತಣಿದ ಮೇಲೆ ಅಂಟು.

ಹಂತ 7: ಉಜ್ಜುವುದು, ಹೊಳಪು

ಒರಟಿನಿಂದ ನುಣುಪಿಗೆ 120, 220, 400, 800, 1500, 3000 ನಂಬರಿನ ಡೈಮಂಡ್ ಪ್ಯಾಡ್, ಧಾರಾಳ ನೀರು. ಮಾರುಕಟ್ಟೆಯಲ್ಲಿ ಸಿಗುವ ಬಳುಕುವ ಪ್ಯಾಡನ್ನು ಹಾಗೆಯೇ ಕೈಯಲ್ಲಿ ಒತ್ತಿದರೆ ಅದು ಗಟ್ಟಿ ಕಲ್ಲನ್ನು ಬಿಟ್ಟು ಮೆತ್ತನೆಯದನ್ನು ತಿನ್ನುತ್ತದೆ. ಸಮತಟ್ಟಾದ ಗ್ರಾನೈಟ್ ತುಂಡಿನ ಬುಡಕ್ಕೆ ಪ್ಯಾಡ್ ಅಂಟಿಸಿ, ಎಂಟರ ಆಕಾರದಲ್ಲಿ ಇಡೀ ಫಲಕದ ಮೇಲೆ ಒಯ್ಯಬೇಕು. ಒಂದು ಹೂವಿನ ಮೇಲೆ ನಿಂತು ಉಜ್ಜಬಾರದು. 220 ಮುಗಿದಾಗ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಎಲ್ಲಿ ಬೆಳಕು ನುಸುಳುತ್ತದೋ ಅಲ್ಲಿ ತಗ್ಗು. ಇದು ತೀರದೆ 400ಕ್ಕೆ ಹೋಗಬಾರದು.

ಕೊನೆಯ ಹೊಳಪಿಗೆ ಫೆಲ್ಟ್ ಮತ್ತು ಟಿನ್ ಆಕ್ಸೈಡ್. ನೆಲ ಪಾಲಿಷ್ ಮಾಡುವವರು ಆಕ್ಸಾಲಿಕ್ ಆಮ್ಲ ಹಾಕೋಣ ಎನ್ನುತ್ತಾರೆ. ಬರಿಯ ಮಾರ್ಬಲ್ ನೆಲಕ್ಕೆ ಅದು ಸರಿ. ಇಲ್ಲಿ ಸುಣ್ಣದ ಕಲ್ಲು ಅದಕ್ಕೆ ಒಂದು ಬಗೆ, ಜಾಸ್ಪರ್ ಇನ್ನೊಂದು ಬಗೆ, ಹೊಳಪು ತೇಪೆ ತೇಪೆಯಾಗುತ್ತದೆ. ಜಾಸ್ಪರ್ 3000ದಲ್ಲೂ ಪೂರ್ತಿ ಕನ್ನಡಿಯಾಗಲಿಲ್ಲ. ಮುಂದಿನ ಫಲಕಕ್ಕೆ ಅದರ ಮುಖವನ್ನು ಕೂರಿಸುವ ಮೊದಲೇ ಅರ್ಧ ಪಾಲಿಷ್ ಮಾಡಿಡುವುದು ಒಳಿತು.

ಹಂತ 8: ಗೋಡೆಗೆ

ಗಾರೆಯ ಸಡಿಲು ಭಾಗ ಕೆರೆದು, ಕೆಳಗೆ ಒಂದಿಂಚಿನ ಸ್ಟೀಲ್ ಆಂಗಲನ್ನು ಮುರಕಲ್ಲಿಗೆ ಬೋಲ್ಟ್ ಹಾಕಿ, ಅದರ ಮೇಲೆ ಫಲಕ ಕೂರಿಸಿ, ಹಿಂದೆ ಕಲ್ಲಿಗೆಂದೇ ಬರುವ ಎಪಾಕ್ಸಿ ಅಂಟು. 11 ಕಿಲೋವನ್ನು ಬರಿಯ ಅಂಟಿಗೆ ನಂಬಿ ಬಿಡಬಾರದು.

ತುಳಸಿಕಟ್ಟೆಗೆ ಇಂಥದ್ದೇ ಮಾಡಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಕಪ್ಪು ಕಲ್ಲು ಬಿಸಿಲಿಗೆ ಕೈಯಿಡಲಾಗದಷ್ಟು ಕಾಯುತ್ತದೆ, ಆ ಬಿಸಿಗೆ ಸಾಮಾನ್ಯ ಎಪಾಕ್ಸಿ ಮೆತ್ತಗಾಗುತ್ತದೆ. ಮತ್ತೆ ನಮ್ಮ ಮಳೆ. ಅಲ್ಲಿಗೆ ಗ್ರಾನೈಟಿನಲ್ಲಿ ಬರಿಯ ಕೆತ್ತನೆಯೇ ಸೂಕ್ತ.

ಖರ್ಚು

ಅಂಚು ಪಾಲಿಷ್ ಸೇರಿ ಕಡಪ 400 ರೂ. ಬಿಳಿ ತುಂಡು 150, ಗುಲಾಬಿ ಮತ್ತು ಹಳದಿ 200, ಹಸಿರು 250, ಜಾಸ್ಪರ್ 700. ಅರದ ಸೆಟ್ 450, ಬರ್ ಮತ್ತು ಬಿಟ್ 350, ಪ್ಯಾಡ್ 900, ಎಪಾಕ್ಸಿ ಎರಡೂ ಬಗೆ 750, ಆಕ್ಸೈಡ್ ಮತ್ತು ಟಿನ್ ಆಕ್ಸೈಡ್ 250. ಒಟ್ಟು 4,400. ಟೈಲ್ ಕಟ್ಟರ್, ರೋಟರಿ ಟೂಲ್, ಡ್ರಿಲ್ ಮೊದಲೇ ಇದ್ದವು, ಅವು ಲೆಕ್ಕದಲ್ಲಿಲ್ಲ. ಸಾಮಾನಿಗಿಂತ ಕೈಕೆಲಸವೇ ಬಲು ದುಬಾರಿ. ಯಾರಾದರೂ ಇಂಥ ಫಲಕವನ್ನು ಅಗ್ಗಕ್ಕೆ ಕೊಡುತ್ತೇವೆ ಎಂದರೆ, ಮಾರ್ಬಲಿನ ಮೇಲೆ ಬಣ್ಣದ ರಾಳ ತುಂಬಿದ್ದೇ ಎಂದು ಮೊಳೆಯಿಂದ ಹೂವಿನ ಅಂಚಿನಲ್ಲಿ ಒತ್ತಿ ನೋಡಿ. ರಾಳವಾದರೆ ಮೊಳೆ ಕಚ್ಚುತ್ತದೆ.

ಮುಂದೆ ನೋಡಿಕೊಳ್ಳುವುದು

ಲಿಂಬೆ, ಹುಣಸೆ, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದೂ ಹತ್ತಿರ ಸುಳಿಯಬಾರದು. ಒಂದು ಹನಿ ಬಿದ್ದರೆ ಕಡಪದ ಹೊಳಪು ಆ ಜಾಗದಲ್ಲಿ ಹೋಗಿ ಬೂದಿ ಚುಕ್ಕೆ ನಿಲ್ಲುತ್ತದೆ. ಪೂಜೆಯ ಹಿತ್ತಾಳೆಯನ್ನು ಹುಣಸೆ ಹಾಕಿ ತಿಕ್ಕುವುದು ಬೇರೆ ಕಡೆ ಆಗಲಿ. ಕುಂಕುಮ, ಅರಸಿನ ಬಿಳಿ ಎಸಳಿಗೆ ಹಿಡಿದರೆ ಹೋಗುವುದು ಕಷ್ಟ, ಹಾಗಾಗಿ ಫಲಕಕ್ಕೆ ಬೊಟ್ಟು ಇಡುವುದಿದ್ದರೆ ಕಪ್ಪು ಭಾಗದಲ್ಲಿ ಇಡಿ. ದೀಪ ಒಂದಡಿ ದೂರ. ಒರೆಸಲು ಒದ್ದೆ ಹತ್ತಿಬಟ್ಟೆ, ಬೇಕಾದರೆ ಒಂದು ಹನಿ ಪಾತ್ರೆ ತೊಳೆಯುವ ದ್ರವ.

ಉಳಿದ ಜಾಸ್ಪರ್ ಎಸಳು, ಹಳದಿ ಮಣಿ, ಎರಡು ತುಂಬೆಯನ್ನು ನಂಬರು ಬರೆದ ಪೊಟ್ಟಣಗಳಲ್ಲಿ ಹಾಕಿ, ನಕ್ಷೆಯ ಎರಡನೆಯ ಪ್ರತಿಯ ಜೊತೆ ಮನೆಯವರಿಗೇ ಕೊಡಲಾಗಿದೆ. ಚೂರು ಎದ್ದರೆ ಅದೇ ಹಲ್ಲೆಯ ಕಲ್ಲು ಮತ್ತೆ ಸಿಗುವುದಿಲ್ಲ; ಮಾರ್ಬಲ್ ಅಂಗಡಿಯ ರಾಶಿ ವಾರವಾರಕ್ಕೂ ಬದಲಾಗುತ್ತದೆ.